ಮೊಣಕಾಲ ಮೇಲಿನ ಕೈ

ಮುಂಡರಗಿ ತಾಲ್ಲೂಕಿನ ಸಿಂಗಟಾಲೂರಿನಲ್ಲಿ, ತುಂಗಭದ್ರೆಯ ದಂಡೆಗೆ ಸಮೀಪವಾಗಿ ಎದ್ದುನಿಂತಿರುವ ಗುಡ್ಡದ ಮೇಲೆ ವೀರಭದ್ರೇಶ್ವರನ ಸನ್ನಿಧಿಯುಂಟು. ಶ್ರಾವಣ ಬಂದಿತೆಂದರೆ ಎರೆಸೀಮೆಯ ಒಕ್ಕಲುಮನೆಗಳವರು ಮಕ್ಕಳುಮರಿಗಳನ್ನು ಕಟ್ಟಿಕೊಂಡು, ಬುತ್ತಿಯ ಗಂಟನ್ನು ಹೊತ್ತು, ದೇವರ ದರ್ಶನಕ್ಕೆಂದು ಬರುವರು; ಹಾಗೆ ಬಂದ ಮೇಳಗಳಲ್ಲಿ ಒಬ್ಬಳಲ್ಲ ಒಬ್ಬಳು ಮುದುಕಿ ಗುಡ್ಡದ ಬುಡದಲ್ಲಿ ನಿಂತು, ಮೇಲಕ್ಕೊಮ್ಮೆ ನೋಡಿ, ಕೈಯಲ್ಲಿದ್ದ ತೆಂಗಿನಕಾಯಿಯನ್ನು ಮೊಮ್ಮಗನಿಗಿತ್ತು, "ನಾ ಇಲ್ಲೇ ಕುಂದರ್ತೀನಪಾ, ನೀವು ಹೋಗಿ ಬರ್ರಿ" ಎಂದು ನೆರಳು ಹುಡುಕಿ ಕೂತುಬಿಡುವಳು. ಮನೆಯವರಾರೂ ಇದನ್ನೊಂದು ವಿಶೇಷವೆಂದು ಬಗೆಯುವುದಿಲ್ಲ. "ಆಯಿಗೆ ವಯಸ್ಸಾತು, ಮೊಣಕಾಲ ಚಿಪ್ಪು ಸವದಾವ" ಎಂಬ ಒಂದೇ ಮಾತಿನಲ್ಲಿ ಕಾರಣವೂ ತೀರ್ಪೂ ಒಟ್ಟಿಗೆ ಮುಗಿದುಹೋಗುತ್ತವೆ.

ಕೂತವಳು ಮತ್ತೆ ಏಳುವುದನ್ನು ನೋಡಬೇಕು. ಅಂಗೈಯನ್ನು ಮೊಣಕಾಲಿನ ತುಸು ಮೇಲೆ ಊರಿ, ತೊಡೆಯನ್ನು ಹಿಂದಕ್ಕೊತ್ತಿ, ಮೈಭಾರದ ಒಂದು ಪಾಲನ್ನು ತೋಳಿನ ಮೇಲೆ ಹೊತ್ತು, ಎರಡು ಮೂರು ಹಂತಗಳಲ್ಲಿ ನೆಟ್ಟಗಾಗುವಳು. ಮುಪ್ಪು ಮುತ್ತುವುದಕ್ಕೆ ಮುನ್ನ ಎಚ್ಚರಗೊಳ್ಳೆಂದು ಮನುಷ್ಯನಿಗೆ ಹೇಳುವ ಪ್ರಸಿದ್ಧ ವಚನದಲ್ಲಿ ಬಸವಣ್ಣನವರು ವಾರ್ಧಕ್ಯದ ಗುರುತುಗಳನ್ನು ಒಂದೊಂದಾಗಿ ಎಣಿಸುತ್ತ ಕಾಲಿನ ಮೇಲೆ ಊರಿದ ಈ ಕೈಯನ್ನು ಮರೆಯದೆ ಸೇರಿಸಿರುವರು. ಅವರ ಕಣ್ಣಿಗೆ ಬಿದ್ದುದು ಎಷ್ಟು ನಿಜವಾದುದೆಂದರೆ, ಎಂಟುನೂರು ವರ್ಷಗಳ ಮೇಲೆ ಇಂದಿನ ವೈದ್ಯನೂ ತನ್ನೆದುರು ಕುರ್ಚಿಯಿಂದೇಳುವ ರೋಗಿಯಲ್ಲಿ ಮೊದಲು ಗಮನಿಸುವುದು ಅದನ್ನೇ. ತೊಡೆಯ ಮುಂಭಾಗದ ದೊಡ್ಡ ಮಾಂಸಖಂಡವು ಮಾಡಬೇಕಾದ ಕೆಲಸವನ್ನು ಆ ಕೈ ಮಾಡುತ್ತಿರುತ್ತದೆ. ಆದುದರಿಂದ ಮೊಣಕಾಲ ಮೇಲಿನ ಕೈ ಸವೆದ ಎಲುಬಿನ ಕಥೆಯನ್ನು ಮಾತ್ರವಲ್ಲ, ಸೋತ ಸ್ನಾಯುವಿನ ಕಥೆಯನ್ನೂ ಹೇಳುತ್ತದೆ. ಸವೆದುದು ಮರಳಿ ಬಾರದಿದ್ದರೂ ಸೋತುದು ಎಪ್ಪತ್ತರ ವಯಸ್ಸಿನಲ್ಲಿಯೂ ಮರಳಿ ಬಲಗೊಳ್ಳಬಲ್ಲುದು. ಸಂದಿನ ಬೇನೆಯು ಒಂದು, ಅದರಿಂದುಂಟಾಗುವ ಅಂಗವೈಕಲ್ಯವು ಇನ್ನೊಂದು. ಇವೆರಡರ ನಡುವೆ ಬಹು ದೀರ್ಘವಾದ ದಾರಿಯುಂಟು, ಆ ದಾರಿಯಲ್ಲಿ ತಡೆಯಬಹುದಾದ ಎಡೆಗಳೂ ಬಹಳವಾಗಿ ಉಂಟು. "ವಯಸ್ಸಾತು" ಎಂಬ ಮಾತು ಅವೆಲ್ಲವನ್ನೂ ಒಮ್ಮೆಗೇ ಮುಚ್ಚಿಬಿಡುವುದರಿಂದ, ಅದನ್ನು ಮತ್ತೆ ತೆರೆದು ನೋಡುವುದು ನಮ್ಮ ಕರ್ತವ್ಯ.

ಕೀಲೆಣ್ಣೆ

ನಮ್ಮ ಸೀಮೆಯಲ್ಲಿ ಬಂಡಿಯ ಅಚ್ಚಿಗೂ ದೇಹದ ಸಂದಿಗೂ ಕೀಲೆಂಬ ಒಂದೇ ಹೆಸರು. ಹೋಲಿಕೆ ಸೊಗಸಾದುದೇ ಸರಿ, ಆದರೆ ಅದರಿಂದ ಒಂದು ಅನರ್ಥವೂ ಆಗಿದೆ. ಬಂಡಿಯ ಕೀಲು ತಿರುಗಿದಷ್ಟೂ ಸವೆಯುವುದರಿಂದ, ಮೊಣಕಾಲೂ ನಡೆದಷ್ಟೂ ಸವೆಯುವುದೆಂದು ಬಗೆದು, ನೋವು ಕಂಡೊಡನೆ ಹಿರಿಯರು ನಡೆಯುವುದನ್ನು ಬಿಡುವರು, ಮಕ್ಕಳೂ ಪ್ರೀತಿಯಿಂದಲೇ "ನೀ ಸುಮ್ನ ಕುಂದರ ಯವ್ವಾ" ಎಂದು ಅವರನ್ನು ಕೂರಿಸುವರು. ದೇಹದ ರಚನೆ ಇದಕ್ಕೆ ಪ್ರತಿಕೂಲವಾಗಿರುವುದು. ಎಲುಬುಗಳ ತುದಿಯನ್ನು ಹೊದ್ದಿರುವ ನುಣುಪಾದ ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ಅದು ತನ್ನ ಆಹಾರವನ್ನು ಸಂದಿನೊಳಗಣ ದ್ರವದಿಂದ ಪಡೆಯುವುದು. ಹೆಜ್ಜೆಯೂರಿದಾಗ ಹಿಂಡಿಕೊಂಡು, ಹೆಜ್ಜೆಯೆತ್ತಿದಾಗ ಹಿಗ್ಗಿ ಹೀರಿಕೊಂಡು, ನೀರಿನಲ್ಲಿ ಅದ್ದಿದ ಬಟ್ಟೆಯಂತೆ ಅದು ಜೀವಿಸಿರುವುದು. ಬಂಡಿಯ ಕೀಲಿಗೆ ಎಣ್ಣೆಯನ್ನು ಹೊರಗಿನಿಂದ ಹಾಕಬೇಕು. ದೇಹದ ಕೀಲಿಗೆ ಚಲನೆಯೇ ಎಣ್ಣೆಯನ್ನು ಬಡಿಸುವ ಕೈ.

ಆದರೂ ವಯಸ್ಸಿನೊಡನೆ ಈ ಮೃದ್ವಸ್ಥಿ ತೆಳುವಾಗುವುದು, ಅದರಡಿಯ ಎಲುಬು ಗಡುಸಾಗುವುದು, ಅಂಚುಗಳಲ್ಲಿ ಮುಳ್ಳಿನಂಥ ಬೆಳವಣಿಗೆ ಮೂಡುವುದು, ಸಂದಿನ ಒಳಪದರ ಆಗಾಗ ಉರಿದು ಊದಿಕೊಳ್ಳುವುದು. ಇದನ್ನೇ ವೈದ್ಯರು ಆಸ್ಟಿಯೋ ಆರ್ಥ್ರೈಟಿಸ್ ಎನ್ನುವರು, ಜನರು ಸಂಧಿವಾತವೆಂದೋ ವಾಯುವೆಂದೋ ಕರೆಯುವರು. ಲೋಕದಲ್ಲಿ 2020ರ ಹೊತ್ತಿಗೆ ಸುಮಾರು 59.5 ಕೋಟಿ ಜನರು ಇದಕ್ಕೆ ಗುರಿಯಾಗಿದ್ದರೆಂದು ಜಾಗತಿಕ ರೋಗಭಾರದ ಅಧ್ಯಯನವು ಲೆಕ್ಕಹಾಕಿದೆ. ನಮ್ಮ ದೇಶದ ಐದು ಕಡೆಗಳಲ್ಲಿ ನಡೆಸಿ 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ನಲವತ್ತು ದಾಟಿದವರ ಪೈಕಿ ಶೇಕಡ 28.7ರಷ್ಟು ಮಂದಿಗೆ ಮೊಣಕಾಲಿನಲ್ಲಿ ಈ ಬೇನೆ ಕಂಡುಬಂದಿತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಪಟ್ಟಣಗಳಲ್ಲಿ ಮೈಭಾರವು ದೊಡ್ಡ ಕಾರಣವೆಂಬುದು ನಿಜ. ಐದು ಕಿಲೋಗ್ರಾಂನಷ್ಟು ಭಾರ ಇಳಿಸಿದ ಸ್ತ್ರೀಯರಲ್ಲಿ ನೋವಿನ ಮೊಣಕಾಲಿನ ಸಂಭವವು ಅರ್ಧಕ್ಕಿಳಿಯಿತೆಂದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಅಧ್ಯಯನವು 1992ರಲ್ಲಿಯೇ ತೋರಿಸಿತು. ಆದರೆ ಬೆಳವಲದ ಬಡಕಲು ಮೈಯ ಮುದುಕಿಗೆ ಆ ಕಾರಣ ಒಪ್ಪುವುದಿಲ್ಲ. ಉಳ್ಳಾಗಡ್ಡಿಯ ಹೊಲದಲ್ಲಿ ದಿನವಿಡೀ ಕುಕ್ಕರಗಾಲಿನಲ್ಲಿ ಸರಿಯುತ್ತ ಕಸ ತೆಗೆದು, ತಲೆಯ ಮೇಲೊಂದು ಕಂಕುಳಲ್ಲೊಂದು ಕೊಡ ಹೊತ್ತು, ಒಲೆಯ ಮುಂದೆ ನೆಲಕ್ಕೆ ಕೂತು ರೊಟ್ಟಿ ಬಡಿದು ಐವತ್ತು ವರ್ಷ ದುಡಿದವಳ ಸಂದುಗಳಲ್ಲಿ ಆ ದುಡಿಮೆಯ ಲೆಕ್ಕವೇ ಬರೆದಿರುವುದು. ಬಹುಕಾಲ ಕುಕ್ಕರಗಾಲಿನಲ್ಲಿಯೂ ಮೊಣಕಾಲೂರಿಯೂ ಮಾಡುವ ಕೆಲಸವು ಈ ಬೇನೆಯನ್ನು ಹೆಚ್ಚಿಸುವುದೆಂದು ಶಾಸ್ತ್ರವೂ ಒಪ್ಪಿದೆ.

ಎಲ್ಲ ಸಂದುಬೇನೆಯೂ ಇದೊಂದೇ ಅಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಬೆಳಗಿನಲ್ಲಿ ಬೆರಳುಗಳ ಸಂದು ಊದಿ, ಒಂದು ತಾಸಿಗಿಂತ ಹೆಚ್ಚುಹೊತ್ತು ಮುಷ್ಟಿ ಕಟ್ಟಲಾಗದಂತಿದ್ದರೆ ಅದು ಆಮವಾತವಿರಬಹುದು; ದೇಹದ ರಕ್ಷಕಶಕ್ತಿಯೇ ತನ್ನ ಸಂದುಗಳ ಮೇಲೆ ಎರಗುವ ಆ ರೋಗಕ್ಕೆ ಮೊದಲ ತಿಂಗಳುಗಳಲ್ಲಿಯೇ ತಕ್ಕ ಔಷಧ ದೊರೆತರೆ ಕೈಗಳು ಉಳಿಯುತ್ತವೆ, ತಡವಾದರೆ ಸೊಟ್ಟಗಾಗುತ್ತವೆ. 2006ರಲ್ಲಿ ಭಾರತವನ್ನು ಆವರಿಸಿದ ಚಿಕೂನ್‌ಗುನ್ಯಾ ಜ್ವರದ ಸುಮಾರು 13.9 ಲಕ್ಷ ಶಂಕಿತ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕರ್ನಾಟಕದವರೇ. ಆಫ್ರಿಕದ ಮಕೊಂಡೆ ಭಾಷೆಯಲ್ಲಿ ಬಾಗಿಸುವುದೆಂಬ ಅರ್ಥವುಳ್ಳ ಆ ಹೆಸರು ಎಷ್ಟು ಸಾರ್ಥಕವಾದುದೆಂಬುದನ್ನು ಅಂದು ಗೋಡೆ ಹಿಡಿದು ನಡೆದ ನಮ್ಮ ಹಳ್ಳಿಗಳು ಬಲ್ಲವು. ಮಲೆನಾಡಿನ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಬೆಳಕಿಗೆ ಬಂದ ಸಂದುರೋಗವಂತೂ ಮುಪ್ಪಿಗೆ ಕಾಯದೆ ಎಳೆಯರ ಸೊಂಟವನ್ನೂ ಮೊಣಕಾಲನ್ನೂ ಹಿಡಿದು, ಕೆಲವರನ್ನು ತೆವಳುವಂತೆ ಮಾಡಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು 1977ರಲ್ಲಿ ಅದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ವರ್ಣಿಸಿದರು, ಅದು ತಂದೆತಾಯಿಗಳಿಂದ ವಂಶವಾಹಿನಿಯಲ್ಲಿ ಹರಿದುಬರುವ ಎಲುಬಿನ ದೋಷವೆಂಬುದನ್ನು ಆಮೇಲಿನ ಸಂಶೋಧನೆಗಳು ತಿಳಿಸಿದವು. ಅದನ್ನೂ ಮೊದಮೊದಲು ಜನರು ವಿಧಿಯೆಂದೇ ತಿಳಿದಿದ್ದರು. ನೋವಿಗೆ ಅದರ ನಿಜವಾದ ಹೆಸರನ್ನು ಕೊಡುವುದು ಚಿಕಿತ್ಸೆಯ ಪ್ರಥಮ ಸೋಪಾನ.

ಹೊಳೆಯ ನೀರು, ಬೋರಿನ ನೀರು

ಸಿಂಗಟಾಲೂರಿನ ಸುತ್ತಣ ನಾಡಿಗೆ ಇನ್ನೊಂದು ಕಾರಣವೂ ಉಂಟು, ಅದು ನೆಲದಡಿಯಲ್ಲಿರುವುದು. ಕೆಲವು ಶಿಲೆಗಳಲ್ಲಿರುವ ಫ್ಲೋರೈಡು, ಮಳೆ ಕಡಿಮೆಯಾಗಿ ಬಿಸಿಲು ಪ್ರಖರವಾದ ಬಯಲುಸೀಮೆಯಲ್ಲಿ, ಆಳದ ಕೊಳವೆಬಾವಿಗಳ ನೀರಿನೊಳಕ್ಕೆ ಮೆಲ್ಲನೆ ಕರಗಿಬರುತ್ತದೆ. ಮುಂಡರಗಿ ತಾಲ್ಲೂಕು ಈ ದೋಷವಿರುವ ಪ್ರದೇಶಗಳಲ್ಲೊಂದು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಂ ಒಪ್ಪತಕ್ಕದ್ದು, ಬೇರೆ ನೀರು ಇಲ್ಲದ ಕಡೆ 1.5 ಮಿಲಿಗ್ರಾಂ ಕೊನೆಯ ಮಿತಿ ಎಂದು ಭಾರತೀಯ ಮಾನಕವು ವಿಧಿಸಿದೆ. ಮಿತಿಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಮೊದಲು ಮಕ್ಕಳ ಹಲ್ಲು ಕಂದುಗಟ್ಟುವುದು. ಹಿರಿಯರಲ್ಲಿ ಎಲುಬು ದಪ್ಪಗಾಗಿ, ಸಂದುಗಳನ್ನು ಬಿಗಿದಿರುವ ಕಟ್ಟುಗಳು ಸುಣ್ಣಗಟ್ಟಿ, ಬೆನ್ನೂ ಕತ್ತೂ ಮರದಂತೆ ಸೆಟೆಯುವುವು. ನಮ್ಮ ದೇಶದಲ್ಲಿ ಈ ರೋಗವನ್ನು ಶಾಸ್ತ್ರೀಯವಾಗಿ ಮೊದಲು ವರ್ಣಿಸಿದುದು 1937ರಲ್ಲಿ, ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರಿನ ಸೀಮೆಯಲ್ಲಿ. ಅದಕ್ಕೂ ಮೊದಲೇ ಅಲ್ಲಿನ ರೈತರು ತಮ್ಮ ಉಳುವ ಎತ್ತುಗಳ ಕಾಲು ಸೆಟೆಯುವುದನ್ನು ಕಂಡಿದ್ದರು.

ಇದನ್ನು ಮುಪ್ಪಿನ ಸಂಧಿವಾತದಿಂದ ಬೇರ್ಪಡಿಸಲು ಹಳ್ಳಿಯಲ್ಲಿಯೇ ಮಾಡಬಹುದಾದ ಮೂರು ಸರಳ ಪರೀಕ್ಷೆಗಳುಂಟು: ಮೊಣಕಾಲು ಮಡಿಸದೆ ಬಾಗಿ ಕಾಲಬೆರಳನ್ನು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ತೋಳುಗಳನ್ನು ಚಾಚಿ ಮಡಿಸಿ ಕೈಗಳನ್ನು ಹೆಡಕಿಗೆ ಒಯ್ಯುವುದು. ಮೊಣಕಾಲೊಂದೇ ನೋಯುವವನಿಗೆ ಗದ್ದ ತಾಗಿಸುವುದು ಕಷ್ಟವಲ್ಲ. ಮೂರರಲ್ಲಿಯೂ ಮೈ ಸೆಟೆದರೆ ನೀರನ್ನು ಪರೀಕ್ಷಿಸಿ ನೋಡಬೇಕು. ಕಾಯಿಸುವುದರಿಂದ ಫ್ಲೋರೈಡು ಹೋಗದು. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದು ಇನ್ನಷ್ಟು ಗಟ್ಟಿಯಾಗುವುದು. ಒಮ್ಮೆ ಕಟ್ಟಿದ ಸುಣ್ಣವನ್ನು ಕರಗಿಸುವ ಔಷಧವಿಲ್ಲವಾದುದರಿಂದ, ಶುದ್ಧವಾದ ನೀರೇ ಇದರ ಮದ್ದು. ಆ ಮದ್ದು ನಮ್ಮ ಕಣ್ಣೆದುರಿನಲ್ಲಿಯೇ ಹರಿಯುತ್ತಿದೆ: ಹಮ್ಮಿಗಿಯ ಬಳಿ ತುಂಗಭದ್ರೆಗೆ ಬ್ಯಾರೇಜು ಕಟ್ಟಿ, ಸಿಂಗಟಾಲೂರ ಏತ ನೀರಾವರಿಯ ಹೆಸರಿನಲ್ಲಿ ನೀರನ್ನು ಮೇಲೆತ್ತಿ ಒಣಭೂಮಿಗೆ ಹರಿಸುವ ಕಾರ್ಯ ನಡೆದಿದೆ, ಕುಡಿಯುವುದಕ್ಕೂ ಹೊಳೆಯ ನೀರು ನಳಗಳಲ್ಲಿ ಬರುವ ಊರುಗಳುಂಟು, ಶುದ್ಧನೀರಿನ ಘಟಕಗಳೂ ಉಂಟು.

ಆದರೆ ಇಲ್ಲಿ ಒಂದು ಸಂಗತಿಯನ್ನು ನಾವು ನೆಲಕ್ಕಿಳಿದು ನೋಡಬೇಕು. ಘಟಕವು ಊರ ಮುಂದಿರುವುದು. ಅಲ್ಲಿಂದ ಇಪ್ಪತ್ತು ಲೀಟರಿನ ಕ್ಯಾನನ್ನು ತುಂಬಿ ತರಬೇಕಾದುದು. ಮಗ ಬೈಕಿನ ಮೇಲೆ ತರುವ ಮನೆಗೆ ಅದು ಸುಲಭ. ಮಕ್ಕಳು ದುಡಿಮೆಗೆಂದು ಗೋವೆಗೋ ಮಂಗಳೂರಿಗೋ ಹೋಗಿ, ಒಬ್ಬಳೇ ಉಳಿದ ಮುದುಕಿ ಇಪ್ಪತ್ತು ಕಿಲೋ ಭಾರವನ್ನು ಯಾವ ಮೊಣಕಾಲಿನ ಮೇಲೆ ಹೊತ್ತಾಳು? ನಳ ಬಾರದ ದಿನ ಅವಳು ಮನೆಯ ಬಳಿಯ ಬೋರಿನ ನೀರನ್ನೇ ಕೊಡದ ಅರ್ಧಕ್ಕೆ ತುಂಬಿಕೊಳ್ಳುವಳು. ಸಂದು ನೋಯುವುದರಿಂದ ಒಳ್ಳೆಯ ನೀರು ದೂರವಾಗುವುದು, ಒಳ್ಳೆಯ ನೀರು ದೂರವಾದುದರಿಂದ ಸಂದು ಇನ್ನಷ್ಟು ಸೆಟೆಯುವುದು: ಈ ಚಕ್ರವನ್ನು ಯಾವ ಗುಳಿಗೆಯೂ ಮುರಿಯದು, ಅವಳ ಹೊಸ್ತಿಲಿಗೆ ಕ್ಯಾನನ್ನು ತಂದಿಡುವ ಒಂದು ಕೈ ಮುರಿಯುವುದು.

ಒಂದೊಂದಾಗಿ ಕಳಚುವುದು

ಅಂಗವೈಕಲ್ಯವು ಒಂದು ದಿನ ಬಾಗಿಲು ತಟ್ಟಿ ಬರುವುದಿಲ್ಲ. ಮೊದಲು ಗುಡ್ಡ ಹೋಗುವುದು, ಬಳಿಕ ವಾರದ ಸಂತೆ, ಬಳಿಕ ಹೊಲ. ಬಳಿಕ ನೆರೆಮನೆಯ ಕಟ್ಟೆ ದೂರವಾಗುವುದು. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಎಂಬವರು ತೊಡೆಯ ಎಲುಬು ಮುರಿದ ವೃದ್ಧರನ್ನು ದೀರ್ಘಕಾಲ ಗಮನಿಸಿ 1963ರಲ್ಲಿ ಪ್ರಕಟಿಸಿದ ಅಳತೆಗೋಲು ಇಂದಿಗೂ ಲೋಕದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಸ್ನಾನ, ಉಡುಗೆ, ಶೌಚ, ಹಾಸಿಗೆಯಿಂದೇಳುವುದು, ಮಲಮೂತ್ರಗಳ ಹಿಡಿತ, ಉಣ್ಣುವುದು ಎಂಬ ಆರು ನಿತ್ಯಕರ್ಮಗಳನ್ನು ಅವರು ಎಣಿಸಿದರು. ಮುಪ್ಪಿನಲ್ಲಿ ಇವು ಸಾಮಾನ್ಯವಾಗಿ ಇದೇ ಕ್ರಮದಲ್ಲಿ, ಸ್ನಾನ ಮೊದಲು ಉಣ್ಣುವುದು ಕೊನೆಗೆ ಎಂಬಂತೆ, ಕೈಜಾರುತ್ತವೆಂದೂ, ಎಳೆಯ ಮಗು ಇವನ್ನು ಕಲಿಯುವ ಕ್ರಮವು ಇದಕ್ಕೆ ತಿರುಗುಮುರುಗಾದುದೆಂದೂ ಅವರು ಕಂಡರು. ಮಗುವಿಗೆ ಕಲಿಸುವಾಗ ಮನೆಯೆಲ್ಲ ಕೈಹಿಡಿಯುತ್ತದೆ. ಹಿರಿಯರಿಂದ ಅದು ಕಳಚುವಾಗ ಮನೆಗೆ ತಿಳಿಯುವುದೇ ತಡವಾಗಿ.

ಈ ಇಳಿಜಾರಿನ ಯಂತ್ರವನ್ನು ಬಿಡಿಸಿ ನೋಡಿದರೆ ಅದರ ಮೊದಲ ಗಾಲಿ ನೋವು. ನೋವಿಗೆ ಅಂಜಿ ನಡಿಗೆ ಕಡಿಮೆಯಾಗುವುದು. ನಡಿಗೆ ಕಡಿಮೆಯಾದುದರಿಂದ ತೊಡೆಯ ಸ್ನಾಯು ಬತ್ತುವುದು. ಊದಿದ ಸಂದು ತಾನಾಗಿಯೂ ಆ ಸ್ನಾಯುವಿಗೆ ಬರುವ ನರಗಳ ಆಜ್ಞೆಯನ್ನು ತಗ್ಗಿಸುವುದು. ಸ್ನಾಯು ಬತ್ತಿದ ಮೊಣಕಾಲು ನಡುವೆಯೇ ಸಡಿಲಿ ಬೀಳುವ ಭಯವನ್ನು ತರುವುದು. ಭಯವು ಮನೆಯೊಳಗೆ ಕೂರಿಸುವುದು. ಕೂತವರಿಗೆ ಸಕ್ಕರೆಯೂ ರಕ್ತದೊತ್ತಡವೂ ಏರುವುದು, ನಿದ್ರೆ ಕೆಡುವುದು, ಮಾತನಾಡಿಸುವವರು ಕಡಿಮೆಯಾಗುವುದು. ಇದಕ್ಕೆ ಮನೆಯ ಕಟ್ಟಡವೂ ಸೇರಿಕೊಳ್ಳುವುದು: ಎತ್ತರದ ಹೊಸ್ತಿಲು, ಹಿಡಿಕೆಯಿಲ್ಲದ ಕಟ್ಟೆ, ಜಾರುವ ಬಚ್ಚಲು, ಕುಕ್ಕರಗಾಲಿನಲ್ಲಿಯೇ ಕೂರಬೇಕಾದ ಶೌಚಾಲಯ. ಸ್ವಚ್ಛ ಭಾರತದ ಕಾಲದಲ್ಲಿ ಹಳ್ಳಿಗಳ ಹಿತ್ತಿಲಲ್ಲಿ ಕಟ್ಟಿದ ಎಷ್ಟೋ ಶೌಚಾಲಯಗಳೊಳಗೆ ಕೂತ ಹಿರಿಯರು ಏಳಲು ಹಿಡಿಯುವುದಕ್ಕೆ ಒಂದು ಕಂಬಿಯೂ ಇಲ್ಲ. ಅದರ ಭಯಕ್ಕೆ ಎಷ್ಟೋ ತಾಯಂದಿರು ಸಂಜೆಯ ಮೇಲೆ ನೀರು ಕುಡಿಯುವುದನ್ನೇ ಬಿಡುವರು. ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿ ಅಂಗವೈಕಲ್ಯವನ್ನು ಕುರಿತು ಸ್ಥಾಪಿಸಿದ ನೂತನ ದೃಷ್ಟಿಯ ಸಾರವು ಇದೇ: ವೈಕಲ್ಯವು ದೇಹದಲ್ಲಿ ಮಾತ್ರ ಇರುವುದಿಲ್ಲ, ದೇಹಕ್ಕೂ ಪರಿಸರಕ್ಕೂ ನಡುವೆ ಹುಟ್ಟುತ್ತದೆ. ಅದೇ ಮೊಣಕಾಲು ಆರು ಅಂಗುಲದ ಹೊಸ್ತಿಲಿನೆದುರು ಸೋಲುವುದು, ಮೂರು ಅಂಗುಲದ ಹೊಸ್ತಿಲನ್ನು ದಾಟುವುದು.

ಕೈಗೂಡುವ ಕೆಲಸ

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದು, ತೊಡೆಯ ಸ್ನಾಯುವನ್ನು ಮರಳಿ ಬಲಪಡಿಸುವುದು. ಕುರ್ಚಿಯ ಮೇಲೋ ಎತ್ತರದ ಕಟ್ಟೆಯ ಮೇಲೋ ಕೂತು, ಒಂದು ಕಾಲನ್ನು ನೇರವಾಗಿ ಚಾಚಿ, ಹತ್ತು ಎಣಿಸುವ ತನಕ ಬಿಗಿಹಿಡಿದು ಇಳಿಸುವುದು. ಹೀಗೆ ಎರಡು ಕಾಲುಗಳಿಗೂ ಹತ್ತು ಹತ್ತು ಬಾರಿ, ದಿನಕ್ಕೆರಡು ಹೊತ್ತು. ಇದರೊಡನೆ ಸಮನೆಲದ ಮೇಲೆ ತಾಳಿಕೆಗೆ ತಕ್ಕ ನಡಿಗೆ. ಈ ಬೇನೆಯನ್ನು ಕುರಿತು ಲೋಕದ ವೈದ್ಯಮಂಡಲಿಗಳು ರಚಿಸಿರುವ ಮಾರ್ಗಸೂಚಿಗಳೆಲ್ಲ ವ್ಯಾಯಾಮವನ್ನು ಪ್ರಥಮ ಚಿಕಿತ್ಸೆಯೆಂದೇ ಒಪ್ಪಿವೆ. ಮೊದಲ ವಾರ ತುಸು ನೋವು ಹೆಚ್ಚಿದಂತೆ ತೋರಬಹುದು. ಮರುದಿನಕ್ಕೆ ಅದು ಇಳಿದರೆ ಅಂಜಬೇಕಾದುದಿಲ್ಲ.

ಎರಡನೆಯದು ಕೋಲು. ನಮ್ಮ ಹಿರಿಯರು ಬಹುಮಟ್ಟಿಗೆ ನೋಯುವ ಕಾಲಿನ ಕಡೆಯ ಕೈಯಲ್ಲಿಯೇ ಕೋಲು ಹಿಡಿಯುವರು. ಹಿಡಿಯಬೇಕಾದುದು ಎದುರು ಕೈಯಲ್ಲಿ. ಎಡಗಾಲು ನೋಯುವವರು ಬಲಗೈಯಲ್ಲಿ ಕೋಲು ಹಿಡಿದು, ನೋಯುವ ಕಾಲಿನೊಡನೆಯೇ ಅದನ್ನು ಮುಂದಿಟ್ಟರೆ, ಆ ಸಂದಿನ ಮೇಲಣ ಭಾರ ಇಳಿಯುವುದು. ಕೋಲಿನ ಎತ್ತರ ಮಣಿಕಟ್ಟಿನ ಮಟ್ಟಕ್ಕಿರಬೇಕು. ಮೂರನೆಯದು ಮನೆಯ ತಿದ್ದುಪಡಿ: ಮಂಚವನ್ನೂ ಕುರ್ಚಿಯನ್ನೂ ನಾಲ್ಕು ಅಂಗುಲ ಎತ್ತರಿಸುವುದು, ಶೌಚದಲ್ಲಿ ನಡುವೆ ತೂತಿರುವ ಕುರ್ಚಿಯನ್ನಿಡುವುದು, ಗೋಡೆಗೊಂದು ಕಬ್ಬಿಣದ ಕೊಳವೆಯ ಹಿಡಿಕೆಯನ್ನು ಭದ್ರಪಡಿಸುವುದು, ಒಲೆಯನ್ನು ನಿಂತು ಅಡಿಗೆ ಮಾಡುವ ಕಟ್ಟೆಯ ಮೇಲಕ್ಕೇರಿಸುವುದು. ಇವಕ್ಕೆ ತಗಲುವ ಹಣ, ಬೀಳುವುದರಿಂದ ಮುರಿದ ಒಂದು ತೊಡೆಯೆಲುಬಿನ ವೆಚ್ಚದ ಮುಂದೆ ಅತ್ಯಲ್ಪ.

ನೋವಿನ ಗುಳಿಗೆಯ ವಿಷಯದಲ್ಲಿ ಒಂದು ಎಚ್ಚರ ಅವಶ್ಯ. ಔಷಧದಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗುವ ಗುಳಿಗೆಗಳು ಜಠರದಲ್ಲಿ ಹುಣ್ಣನ್ನೂ ಮೂತ್ರಪಿಂಡಕ್ಕೆ ಹಾನಿಯನ್ನೂ ತರಬಲ್ಲವು. ಹೆಸರಿಲ್ಲದ ಪುಡಿಯೋ ಸೂಜಿಯೋ ಒಂದೇ ದಿನದಲ್ಲಿ ನೋವನ್ನು ಮಾಯಮಾಡಿದರೆ ಅದರಲ್ಲಿ ಸ್ಟಿರಾಯ್ಡ್ ಇರಬಹುದೆಂದು ಶಂಕಿಸಬೇಕು. ಈ ಎಲ್ಲ ಉಪಾಯಗಳನ್ನು ಮೀರಿ ಬೇನೆ ಬೆಳೆದವರಿಗೆ ಕೃತಕ ಸಂದಿನ ಶಸ್ತ್ರಚಿಕಿತ್ಸೆಯುಂಟು. ಹೊಸದಾಗಿ ಹಾಕಿದ ಮೊಣಕಾಲುಗಳಲ್ಲಿ ಸುಮಾರು ಶೇಕಡ 82ರಷ್ಟು ಇಪ್ಪತ್ತೈದು ವರ್ಷ ಬಾಳುವುವೆಂದು 2019ರಲ್ಲಿ ಪ್ರಕಟವಾದ ಬೃಹತ್ ಅಧ್ಯಯನವು ಕಂಡುಕೊಂಡಿದೆ. ಅಲ್ಲಿಯೂ ಬಲವಾದ ತೊಡೆಯುಳ್ಳವರೇ ಬೇಗ ನಡೆಯುವರು.

ಕಾನೂನಿನ ನೆರವೂ ಇಲ್ಲದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಲ್ಲಿ ಚಲನವೈಕಲ್ಯವು ಸೇರಿದ್ದು, ಶೇಕಡ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವನ್ನು ವೈದ್ಯರು ದೃಢೀಕರಿಸಿದರೆ ಹಲವು ಸೌಲಭ್ಯಗಳಿಗೆ ದಾರಿಯಾಗುವುದು. ಹುಟ್ಟಿನಿಂದ ಬಂದ ವೈಕಲ್ಯಕ್ಕೆ ಮಾತ್ರ ಇದು ಸಲ್ಲುವುದೆಂಬ ಭಾವನೆ ತಪ್ಪು. ಬಡ ವೃದ್ಧರಿಗೆ ಊರುಗೋಲು, ವಾಕರ್ ಮೊದಲಾದುವನ್ನು ಕೊಡುವ ಕೇಂದ್ರದ ವಯೋಶ್ರೀ ಯೋಜನೆಯು 2017ರಲ್ಲಿ ಪ್ರಾರಂಭವಾಯಿತು. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿರುವರು, ಓಣಿಗೆ ಆಶಾ ಕಾರ್ಯಕರ್ತೆಯಿರುವಳು, ಗದಗಿನಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿರುವುದು. ಈ ಬಾಗಿಲುಗಳ ತನಕ ಹಿರಿಯರನ್ನು ಕರೆದೊಯ್ಯುವ ಮನೆಯವರ ಮನಸ್ಸೊಂದು ಇರಬೇಕು. "ವಯಸ್ಸಾತು" ಎಂದವರು ಯಾವ ಬಾಗಿಲನ್ನೂ ತಟ್ಟುವುದಿಲ್ಲ.

ಮತ್ತೆ ಗುಡ್ಡದ ಬುಡಕ್ಕೆ ಬರೋಣ. ಹೊತ್ತು ಇಳಿಯುವಾಗ ಮಕ್ಕಳು ಒಡೆದ ಕಾಯಿಯನ್ನೂ ಭಂಡಾರವನ್ನೂ ಹಿಡಿದು ಇಳಿದುಬರುವರು. ಮುದುಕಿ ಪ್ರಸಾದವನ್ನು ಕಣ್ಣಿಗೊತ್ತಿಕೊಳ್ಳುವಳು. ಅವಳು ಮೊಮ್ಮಗನನ್ನು ಮೊದಲು ಕೇಳುವ ಮಾತು ದೇವರದಲ್ಲ. "ಮ್ಯಾಲಿಂದ ಹೊಳಿ ಕಾಣ್ತಿತ್ತೇನು? ತುಂಬೇತೇನು?" ಎನ್ನುವಳು. ಪ್ರಾಯದಲ್ಲಿ ಪ್ರತಿ ಶ್ರಾವಣವೂ ತಾನೇ ಏರಿ ನೋಡಿದ ಹೊಳೆ ಅದು. ಮೊಮ್ಮಗನು ಉತ್ತರ ಹೇಳುತ್ತ ಕೈ ನೀಡುವನು, ಅವಳು ಒಂದು ಕೈಯನ್ನು ಅವನಿಗೆ ಕೊಟ್ಟು ಇನ್ನೊಂದನ್ನು ಮೊಣಕಾಲ ಮೇಲೆ ಊರಿ ಏಳುವಳು. ಆ ಹುಡುಗ ಮನೆಗೆ ಹೋಗಿ ಅವಳನ್ನು ನಾಳೆಯಿಂದ ಎರಡು ಹೊತ್ತು ಕಟ್ಟೆಯ ಮೇಲೆ ಕೂರಿಸಿ, ಕಾಲು ಚಾಚಿಸಿ, ಹತ್ತರ ತನಕ ಎಣಿಸಲಿ. ಮುಂದಿನ ಶ್ರಾವಣದಲ್ಲಿ ಗುಡ್ಡದ ತುದಿಯನ್ನು ಅವಳು ಮುಟ್ಟದಿರಬಹುದು; ಹೊಳೆ ಕಾಣುವಷ್ಟು ಮೇಲಕ್ಕೆ ಏರಿಯಾಳು.